ಲಾ ಲಾ ಲ್ಯಾಂಡ್: ಅಷ್ಟು ಪ್ರೀತಿಸಿದವರು ಕೊನೆಗೆ ಯಾಕೆ ಒಂದಾಗಲಿಲ್ಲ?

ನಟಿಯಾಗುವ ಮಿಯಾಳ ಕನಸು, ಸ್ವಂತ ಕ್ಲಬ್ ತೆರೆಯುವ ಜಾಝ್ ಪಿಯಾನೋ ವಾದಕ ಸೆಬಾಸ್ಟಿಯನ್‌ನ ಕನಸು ಎರಡೂ ಕೈಗೂಡಿದವು, ಜಗಳವೂ ಮುಗಿದಿತ್ತು, ಮತ್ತೆ ಸೇರಲು ಏನಡ್ಡಿ ಎಂದು ಕೇಳಿದ್ದೀರಿ. ಡೇಮಿಯನ್ ಶಝೆಲ್ ನಿರ್ದೇಶಿಸಿದ ಈ 2016ರ ಚಿತ್ರದಲ್ಲಿ ಅಡ್ಡಿ ಹುಟ್ಟುವುದು ಕೊನೆಯಲ್ಲಲ್ಲ, ನಡುವಿನ ಒಂದು ಫೋನ್ ಮಾತಿನಲ್ಲಿ. ಸೆಬಾಸ್ಟಿಯನ್‌ಗೆ ಇನ್ನೂ ಸ್ಥಿರವಾದ ಕೆಲಸವಿಲ್ಲ ಎಂದು ಮಿಯಾ ಅಮ್ಮನಿಗೆ ಸಮಜಾಯಿಷಿ ಹೇಳುತ್ತಿರುತ್ತಾಳೆ. ಅದು ಅವನ ಕಿವಿಗೆ ಬೀಳುತ್ತದೆ. ಸ್ವಂತ ಜಾಝ್ ಕ್ಲಬ್ಬಿನ ಆಸೆ ಬದಿಗಿಟ್ಟು ಹಳೆಯ ಪರಿಚಯದ ಸಂಗೀತಗಾರ ಕೀತ್‌ನ ಬ್ಯಾಂಡ್ ಸೇರುತ್ತಾನೆ. ಹಾಗೆ ಮಾಡು ಎಂದು ಅವಳು ಕೇಳಿಯೇ ಇರಲಿಲ್ಲ!

ಅದರ ಫಲ ಊಟದ ದೃಶ್ಯದಲ್ಲಿದೆ, ಮತ್ತೆ ನೋಡುವಾಗ ಅಲ್ಲಿ ಕಿವಿಗೊಡಿ. ಮಾತು ಆರಂಭವಾದಾಗ ರೆಕಾರ್ಡ್ ಹಾಡುತ್ತಿರುತ್ತದೆ. ಜಗಳ ಬಿಸಿಯಾಗುವ ಹೊತ್ತಿಗೆ ಅದು ಮುಗಿದು ಕೋಣೆ ಮೌನವಾಗುತ್ತದೆ. ಹಾಡು ಕುಣಿತದಲ್ಲೇ ಪ್ರೀತಿ ಹೇಳಿದ ಚಿತ್ರ ಇಲ್ಲಿ ಬರೀ ಮಾತಿಗೆ ಇಳಿಯುತ್ತದೆ. ಚಿತ್ರದ ಅತ್ಯಂತ ಗಟ್ಟಿ ದೃಶ್ಯ ಇದೇ ಎಂಬುದು ನನ್ನ ಅಭಿಪ್ರಾಯ. ಫೋಟೋ ಶೂಟ್‌ನಿಂದಾಗಿ ಅವಳ ಏಕವ್ಯಕ್ತಿ ನಾಟಕಕ್ಕೆ ಅವನು ಬರಲಾಗದ್ದು ಆಮೇಲಿನ ಮಾತು. ಬಿರುಕು ಆಗಲೇ ಬಿಟ್ಟಿತ್ತು.

ಹಾಗಂತ ಪ್ರೀತಿ ಸತ್ತಿರಲಿಲ್ಲ. ಸೋತು ಬೌಲ್ಡರ್ ಸಿಟಿಯ ತವರಿಗೆ ಹೋದವಳನ್ನು ಆಡಿಷನ್‌ಗೆ ಕರೆತರುವವನು ಅವನೇ. (ಆ ಆಡಿಷನ್ ಹಾಡನ್ನು ಎಮ್ಮಾ ಸ್ಟೋನ್ ಸೆಟ್‌ನಲ್ಲೇ ಹಾಡಿದ್ದಾರೆ. ಉಸಿರಿನ ನಡುಕ ಕೇಳಿಸುವುದು ಅದಕ್ಕೇ.) ಪಾತ್ರ ಸಿಕ್ಕರೆ ನಿನ್ನದೆಲ್ಲವನ್ನೂ ಅದಕ್ಕೇ ಕೊಡಬೇಕು ಎಂದು ಹೇಳುವವನೂ ಅವನೇ. ಅವಳ ಕೆಲಸ ಪ್ಯಾರಿಸ್‌ನಲ್ಲಿ, ಅವನ ಕ್ಲಬ್ ಲಾಸ್ ಏಂಜಲೀಸ್‌ನಲ್ಲಿ.

ಐದು ವರ್ಷಗಳ ನಂತರ ಇಬ್ಬರೂ ಮತ್ತೆ ಎದುರಾದಾಗ, ಒಂದಾಗಿದ್ದರೆ ಬದುಕು ಹೇಗಿರುತ್ತಿತ್ತು ಎಂದು ಚಿತ್ರ ತೋರಿಸುವ ಆ ಕಲ್ಪನೆ ನೋಡಿ ಹಲವರು ‘ಹೀಗಾಗಿದ್ದರೆ ಎಲ್ಲವೂ ಸಿಗುತ್ತಿತ್ತು’ ಅಂದುಕೊಳ್ಳುತ್ತಾರೆ. ಗಮನವಿಟ್ಟು ನೋಡಿ. ಅದರಲ್ಲಿ ಅವನು ಕೀತ್‌ಗೆ ಒಲ್ಲೆ ಎನ್ನುತ್ತಾನೆ, ಅವಳ ನಾಟಕ ತುಂಬಿದ ಗೃಹದಲ್ಲಿ ನಡೆಯುತ್ತದೆ, ಅವಳ ಜೊತೆ ಪ್ಯಾರಿಸ್‌ಗೂ ಹೋಗುತ್ತಾನೆ. ಕೊನೆಗೆ ಇಬ್ಬರೂ ಜಾಝ್ ಕ್ಲಬ್ಬಿಗೆ ಬಂದಾಗ ಮಾತ್ರ ಅವನು ಪಿಯಾನೋ ಮುಂದಿಲ್ಲ, ಕೇಳುಗನಾಗಿ ಅವಳ ಪಕ್ಕ ಕೂತಿದ್ದಾನೆ. ಮಿಯಾ ಬರೆದುಕೊಟ್ಟ ಲೋಗೋ ಹೊತ್ತ ಅವನ ಸ್ವಂತ ಕ್ಲಬ್ ‘ಸೆಬ್ಸ್’ ಇರುವುದು ಅವರು ಬೇರೆಯಾದ ಬದುಕಿನಲ್ಲಿ. ಅಗಲಿಕೆಯನ್ನು ಬರೀ ದುರ್ವಿಧಿಯೆಂದು ನಾನು ಓದದಿರುವುದು ಇದೇ ಕಾರಣಕ್ಕೆ.