ಕುಂಟು ಕಾಲಿನ ಕೌಬಾಯ್ ಮತ್ತು ನಿಮ್ಮ ಬೈಗುಳ

ತಪ್ಪು ನನ್ನದೇ. ದುಡ್ಡಿಲ್ಲದೆ ಮಾಡಿದ ಒಳ್ಳೆಯ ಕೌಬಾಯ್ ಸಿನಿಮಾ ಯಾವುದು ಅಂತ ಯಾರೋ ಕೇಳಿದ್ದಕ್ಕೆ, ಕಳೆದ ಸಂಚಿಕೆಯಲ್ಲಿ 2015ರ ‘ಬೋನ್ ಟೊಮಾಹಾಕ್’ ನೋಡಿ ಅಂತ ಒಂದೇ ಸಾಲಿನಲ್ಲಿ ಬರೆದು ಕೈತೊಳೆದುಕೊಂಡಿದ್ದೆ. ನೋಡಿದಿರಿ. ಈಗ ಪತ್ರಗಳು ಬಂದಿವೆ, ಹೊಗಳಿಕೆ ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಬೈಗುಳ.

ನೋಡದವರಿಗೆ ಕಥೆ ಇಷ್ಟು. ಬ್ರೈಟ್ ಹೋಪ್ ಅನ್ನುವ ಪುಟ್ಟ ಊರಿಂದ ಗುಹೆವಾಸಿ ನರಭಕ್ಷಕರು ರಾತ್ರೋರಾತ್ರಿ ಮೂವರನ್ನು ಎತ್ತಿಕೊಂಡು ಹೋಗುತ್ತಾರೆ. ಅದರಲ್ಲಿ ಸಮಾಂತಾ ಅನ್ನುವ ಹೆಂಗಸೂ ಇದ್ದಾಳೆ. ಹುಡುಕಲು ನಾಲ್ವರು ಹೊರಡುತ್ತಾರೆ: ಊರಿನ ಪೊಲೀಸ್ ಅಧಿಕಾರಿ ಷೆರಿಫ್ ಹಂಟ್ (ಕರ್ಟ್ ರಸೆಲ್), ಅವನ ಮುದಿ ಸಹಾಯಕ ಚಿಕರಿ (ರಿಚರ್ಡ್ ಜೆಂಕಿನ್ಸ್), ಇಸ್ತ್ರಿ ಕೆಡದ ಬಂದೂಕುಗಾರ ಬ್ರೂಡರ್ (ಮ್ಯಾಥ್ಯೂ ಫಾಕ್ಸ್), ಆಮೇಲೆ ಸಮಾಂತಾಳ ಗಂಡ ಆರ್ಥರ್ (ಪ್ಯಾಟ್ರಿಕ್ ವಿಲ್ಸನ್). ಈ ಗಂಡನ ಕಾಲು ಮೊದಲೇ ಮುರಿದಿದೆ.

ಒಂದು ಗಂಟೆ ನೋಡಿದೆ. ನಾಲ್ಕು ಜನ ಕುದುರೆ ಮೇಲೆ ಹೋದರು, ಮಾತಾಡಿದರು, ಮಲಗಿದರು, ಎದ್ದು ಮತ್ತೆ ಹೋದರು. ಕೊನೆಗೆ ನಾನೂ ಮಲಗಿದೆ. ಇದರಲ್ಲಿ ಏನಿದೆ ಸ್ವಾಮಿ?
– ಓದುಗರೊಬ್ಬರು, ಹಾಸನ

ಮೊದಲು ಒಂದು ಲೆಕ್ಕ ಮಾಡೋಣ. ಸಿನಿಮಾ 132 ನಿಮಿಷ. ಚಿತ್ರೀಕರಣ ಮಾಡಿದ್ದು 21 ದಿನ. ಅಂದರೆ ದಿನಕ್ಕೆ ಆರು ನಿಮಿಷಕ್ಕಿಂತ ಜಾಸ್ತಿ ಸಿನಿಮಾ ತೆಗೆದು ಮುಗಿಸಬೇಕು. ದೊಡ್ಡ ಕಂಪನಿಗಳ ಚಿತ್ರಗಳಲ್ಲಿ ದಿನಕ್ಕೆ ಎರಡು ನಿಮಿಷ ಬಂದರೆ ಒಳ್ಳೆಯ ದಿನ. ಹೀಗಿರುವಾಗ ಕುದುರೆ ಓಡಿಸಿ, ಬಂಡಿ ಉರುಳಿಸಿ, ನೂರು ಜನರ ಗುಂಡಿನ ಕಾಳಗ ಮಾಡಿಸೋದು ಎಲ್ಲಿಂದ ಬರಬೇಕು? ನಿರ್ದೇಶಕ ಎಸ್. ಕ್ರೇಗ್ ಝಾಹ್ಲರ್ ಮಾಡಿದ್ದು ಏನಂದರೆ, ಒಂದು ಬೆಂಕಿ ಹಾಕಿ ನಾಲ್ವರನ್ನು ಸುತ್ತ ಕೂರಿಸಿ ಮಾತಾಡಲು ಬಿಟ್ಟರು. ಅವರು ಮೂಲತಃ ಕಾದಂಬರಿಕಾರರು, ಇದು ಅವರು ನಿರ್ದೇಶಿಸಿದ ಮೊದಲ ಸಿನಿಮಾ. ಮಾತು ಬರೆಯೋದು ಅವರಿಗೆ ಪುಕ್ಕಟೆ.

ಚಿಕರಿಯನ್ನೇ ನೋಡಿ. ಹೆಂಡತಿ ಸತ್ತ ಒಂಟಿ ಮುದುಕ. ಸಾವಿನ ದಾರಿಯಲ್ಲಿ ಹೊರಟವನಿಗೆ ಇರುವ ಚಿಂತೆ, ಸ್ನಾನದ ತೊಟ್ಟಿಯಲ್ಲಿ ಕೂತು ಪುಸ್ತಕ ಓದುವಾಗ ಹಾಳೆ ಒದ್ದೆಯಾಗದ ಹಾಗೆ ನೋಡಿಕೊಳ್ಳೋದು ಹೇಗೆ ಅನ್ನೋದು! ಷೆರಿಫ್ ನಗುವುದಿಲ್ಲ, ಬೈಯುವುದಿಲ್ಲ. ಸಂಗೀತದವರು ಹಾಳೆ ಇಟ್ಟುಕೊಳ್ಳುವ ಸ್ಟ್ಯಾಂಡ್ ಇದೆಯಲ್ಲ, ಅದನ್ನು ಬಳಸು ಅಂತ ಸಮಾಧಾನವಾಗಿ ಹೇಳುತ್ತಾನೆ. ಕಥೆಗೆ ಇದರಿಂದ ಕಾಸಿನ ಉಪಯೋಗ ಇಲ್ಲ. ಆದರೆ ಮುಂದೆ ಗುಹೆಯೊಳಗೆ ಇವರ ಮೈಮೇಲೆ ಕೈಬಿದ್ದಾಗ ನಮ್ಮ ಹೊಟ್ಟೆಯಲ್ಲಿ ಸಂಕಟ ಆಗೋದು ಈ ತೊಟ್ಟಿಯ ಮಾತು ಕೇಳಿದ್ದಕ್ಕೇ. ಹಾಗಂತ ನಿಮ್ಮ ದೂರನ್ನು ಪೂರ್ತಿ ತಳ್ಳಿಹಾಕಲ್ಲ. ನಡುವೆ ಒಂದು ಹತ್ತು ನಿಮಿಷ ಕತ್ತರಿಸಿದ್ದರೆ ನನಗೂ ಬೇಜಾರಿರಲಿಲ್ಲ.

ನಿಮ್ಮ ಮಾತು ನಂಬಿ ಭಾನುವಾರ ಊಟ ಮಾಡಿಕೊಂಡು ಮನೆಯವರ ಜೊತೆ ನೋಡಲು ಕೂತೆ. ಗುಹೆಯ ಆ ದೃಶ್ಯ ಬಂದಾಗ ನಮ್ಮ ಅತ್ತೆ ತಟ್ಟೆ ಬಿಟ್ಟು ಎದ್ದು ಹೋದರು. ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಿಲ್ಲ. ಎಚ್ಚರಿಕೆ ಕೊಡಬಾರದಿತ್ತೇ?
– ಓದುಗರೊಬ್ಬರು, ಮಂಗಳೂರು

ಕೊಡಬೇಕಿತ್ತು. ನಿಮ್ಮ ಅತ್ತೆಯವರ ಹತ್ತಿರ ನನ್ನ ಪರವಾಗಿ ಕ್ಷಮೆ ಕೇಳಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬಂದಿಯಾದ ಒಬ್ಬನನ್ನು, ಉಳಿದವರ ಕಣ್ಣೆದುರೇ, ತಲೆಕೆಳಗೆ ಹಿಡಿದು ಎರಡು ಸೀಳು ಮಾಡುತ್ತಾರೆ. ಕ್ಯಾಮೆರಾ ಆಚೆ ತಿರುಗುವುದಿಲ್ಲ. ಹಿನ್ನೆಲೆ ಸಂಗೀತ ಇಲ್ಲ, ಹಾಗಾಗಿ ‘ಇದು ಸಿನಿಮಾ’ ಅಂತ ಮನಸ್ಸಿಗೆ ಹೇಳಿಕೊಳ್ಳಲೂ ಆಸರೆ ಸಿಗುವುದಿಲ್ಲ. ನಾನು ಮೊದಲ ಸಲ ನೋಡಿದಾಗ ನಿಲ್ಲಿಸಿ, ಅಡುಗೆಮನೆಗೆ ಹೋಗಿ ನೀರು ಕುಡಿದು, ಪಾತ್ರೆ ಎರಡು ತೊಳೆದು ಬಂದೆ. ಸುಳ್ಳಲ್ಲ.

ಒಂದು ತಮಾಷೆ ಗಮನಿಸಿ. ಹಾಸನದವರು ಏನೂ ಆಗಲ್ಲ ಅಂತ ಬೈದರು, ನೀವು ವಿಪರೀತ ಆಯ್ತು ಅಂತ ಬೈದಿರಿ. ಇಬ್ಬರ ದೂರೂ ಒಂದೇ ಬೇರಿನದು ಅಂತ ನನ್ನ ಅನಿಸಿಕೆ. ಅಷ್ಟು ಹೊತ್ತು ಆ ಮಂದಿಯ ಜೊತೆ ಸುಮ್ನೆ ಕೂತಿದ್ದಕ್ಕೆ ತಾನೇ ಆ ಎರಡು ನಿಮಿಷ ಅಷ್ಟು ಹೊತ್ತು ಅನಿಸಿದ್ದು? ಇಂಥ ರಕ್ತ ಸುರಿಸುವ ಸಿನಿಮಾ ಎಷ್ಟೋ ಇವೆ, ಮರುದಿನ ನೆನಪಿರಲ್ಲ. ಏನೇ ಇರಲಿ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ.

ಬಡ ಸಿನಿಮಾ ಅನ್ನುತ್ತೀರಿ, ಕರ್ಟ್ ರಸೆಲ್ ಇದ್ದಾರೆ! ಇದು ಯಾವ ಬಡತನ?
– ಓದುಗರೊಬ್ಬರು, ಹುಬ್ಬಳ್ಳಿ

ಖರ್ಚು ಸುಮಾರು 18 ಲಕ್ಷ ಡಾಲರ್. ಆಗಿನ ದರದಲ್ಲಿ ನಮ್ಮ 12 ಕೋಟಿ ರೂಪಾಯಿ ಹತ್ತಿರ. ಕೇಳಲು ದೊಡ್ಡದು, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ. ಅದೇ ವರ್ಷ ಡಿಸೆಂಬರ್‌ನಲ್ಲಿ ರಸೆಲ್ ಅವರದ್ದೇ ಇನ್ನೊಂದು ಕೌಬಾಯ್ ಚಿತ್ರ ಬಂತು, ‘ದಿ ಹೇಟ್‌ಫುಲ್ ಎಯ್ಟ್’. ಅದಕ್ಕಾದ ಖರ್ಚಿನಲ್ಲಿ ಇಂಥವು ಇಪ್ಪತ್ತಕ್ಕಿಂತ ಜಾಸ್ತಿ ಮಾಡಬಹುದಿತ್ತು. ದೊಡ್ಡ ನಟರು ಚಿಕ್ಕ ಸಿನಿಮಾಕ್ಕೆ ಬರೋದು ಬರವಣಿಗೆ ಹಿಡಿಸಿದರೆ. ಜೆಂಕಿನ್ಸ್ ಅವರ ನಟನೆ ಮತ್ತು ಈ ಚಿತ್ರಕಥೆ, ಎರಡೂ ಸ್ವತಂತ್ರ ಚಿತ್ರಗಳ ಇಂಡಿಪೆಂಡೆಂಟ್ ಸ್ಪಿರಿಟ್ ಪ್ರಶಸ್ತಿಗೆ ನಾಮನಿರ್ದೇಶನ ಆದವು.

ಬಡತನ ಕಾಣೋದು ಊರಿನ ದೃಶ್ಯಗಳಲ್ಲಿ. ಬ್ರೈಟ್ ಹೋಪ್‌ನ ಬೀದಿಯಲ್ಲಿ ಎಷ್ಟು ಜನ ಓಡಾಡುತ್ತಾರೆ, ಎಣಿಸಿ ನೋಡಿ. ಊರಿಗೆ ಊರೇ ಖಾಲಿ. ದನ ಸಾಗಿಸಲು ಗಂಡಸರೆಲ್ಲ ಹೋಗಿದ್ದಾರೆ ಅಂತ ಒಂದು ಕಾರಣ ಕೊಟ್ಟು, ಜೂನಿಯರ್ ಆರ್ಟಿಸ್ಟ್‌ಗಳ ಬಾಟಾ ಉಳಿಸಿಬಿಟ್ಟರು! ಈ ಉಪಾಯಕ್ಕೆ ನಾನು ಶಿಳ್ಳೆ ಹೊಡೆದೆ. ಊರು ಅಂತ ಕಾಣೋದು ಲಾಸ್ ಏಂಜಲೀಸ್ ಹತ್ತಿರದ ಪ್ಯಾರಾಮೌಂಟ್ ರಾಂಚ್‌ನ ಹಳೆಯ ಕೌಬಾಯ್ ಸೆಟ್. ಎಷ್ಟೋ ಸಿನಿಮಾ, ಧಾರಾವಾಹಿಗಳಿಗೆ ಬಾಡಿಗೆಗೆ ನಿಂತ ಬೀದಿ. 2018ರ ನವೆಂಬರ್‌ನ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು.

ಕಾಲು ಮುರಿದವನು ಅಷ್ಟು ದೂರ ಹೋಗುವುದು ಸಾಧ್ಯವೇ? ನಾನು ಫಿಸಿಯೋಥೆರಪಿ ಕಲಿಯುತ್ತಿದ್ದೇನೆ, ನಗು ಬಂತು.
– ವಿದ್ಯಾರ್ಥಿನಿ, ದಾವಣಗೆರೆ

ನೀವು ಓದುತ್ತಿರುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ಸಿನಿಮಾ ಆ ಕಾಲನ್ನು ಮರೆಯುವುದಿಲ್ಲ ಅನ್ನೋದು ನನಗೆ ಹಿಡಿಸಿತು. ನಮ್ಮ ಹೀರೋಗಳಿಗೆ ಇಂಟರ್‌ವಲ್‌ನಲ್ಲಿ ಗುಂಡು ಬಿದ್ದರೆ ಹಾಡಿನ ಹೊತ್ತಿಗೆ ವಾಸಿ, ಅಲ್ವಾ? ಇಲ್ಲಿ ಆರ್ಥರ್ ಕುದುರೆ ಕಳೆದುಕೊಂಡ ಮೇಲೆ ಊರುಗೋಲು, ಆಮೇಲೆ ತೆವಳುವುದು. ಒಂದೊಂದು ಗುಡ್ಡಕ್ಕೂ ಮುಖ ಬಿಳುಚುತ್ತದೆ. ಕಾಲು ಕೊಳೆಯಲು ಶುರುವಾದಾಗ ಚಿಕರಿ ಮೂಳೆ ಕೂಡಿಸುತ್ತಾನೆ, ಅವನನ್ನು ಅಲ್ಲೇ ಬಿಟ್ಟು ಉಳಿದವರು ಮುಂದೆ ಹೋಗುತ್ತಾರೆ. ಕೊನೆಗೆ ಗುಹೆ ತಲುಪಿ ಕೆಲಸಕ್ಕೆ ಬರೋದು ಈ ತೆವಳುವವನೇ.

ಬಿಳಿಯರ ಹೆಂಗಸನ್ನು ಹೊತ್ತೊಯ್ಯುವ ‘ಕಾಡುಜನ’. ಎಪ್ಪತ್ತು ವರ್ಷ ಹಳೆಯ ಕಥೆಯನ್ನೇ ಮತ್ತೆ ಮಾಡಿದ್ದಾರೆ. ಇದನ್ನು ಒಳ್ಳೆಯ ಸಿನಿಮಾ ಅಂತ ಹೇಗೆ ಹೇಳಿದಿರಿ?
– ಸಂಶೋಧನಾ ವಿದ್ಯಾರ್ಥಿ, ಮೈಸೂರು

ಬಂದದ್ದರಲ್ಲಿ ಉತ್ತರಿಸಲು ಕಷ್ಟವಾದ ಪತ್ರ ಇದು. ಸಿನಿಮಾದಲ್ಲಿ ಇದಕ್ಕೊಂದು ಜವಾಬು ಇಟ್ಟಿದ್ದಾರೆ. ಊರಿನಲ್ಲಿ ‘ಪ್ರೊಫೆಸರ್’ ಅಂತ ಕರೆಸಿಕೊಳ್ಳುವ, ಒಳ್ಳೆಯ ಕೋಟು ತೊಟ್ಟ ಮೂಲನಿವಾಸಿ ಒಬ್ಬ ಇದ್ದಾನೆ. ಎತ್ತಿಕೊಂಡು ಹೋದವರು ಬಿಟ್ಟ ಬಾಣ ನೋಡಿ, ಇವರು ನಮ್ಮವರಲ್ಲ, ಭಾಷೆಯೇ ಇಲ್ಲದವರು, ನಿಮ್ಮಂಥವರಿಗೆ ವ್ಯತ್ಯಾಸ ಗೊತ್ತಾಗಲ್ಲ ಅನ್ನುವ ಅರ್ಥದಲ್ಲಿ ಹೇಳುತ್ತಾನೆ. ಪಾತ್ರ ಮಾಡಿದ ಝಾನ್ ಮೆಕ್‌ಕ್ಲಾರ್ನನ್ ಸ್ವತಃ ಲಕೋಟಾ ಅನ್ನುವ ಮೂಲನಿವಾಸಿ ಬುಡಕಟ್ಟಿನ ಮೂಲದವರು. ಚೆನ್ನಾಗಿಯೇ ಮಾಡಿದ್ದಾರೆ.

ಆದರೆ ಅದು ನಿರ್ದೇಶಕರು ಮೊದಲೇ ತೆಗೆದುಕೊಂಡ ನಿರೀಕ್ಷಣಾ ಜಾಮೀನು ಅಂತ ನನಗೆ ಅನಿಸುತ್ತದೆ. ಒಂದು ದೃಶ್ಯದಲ್ಲಿ ಆ ಮನುಷ್ಯ ಬಂದು ಮಾತು ಹೇಳಿ ಹೋಗುತ್ತಾನೆ, ಅಲ್ಲಿಗೆ ಅವನ ಕೆಲಸ ಮುಗಿಯಿತು. ಆಮೇಲೆ ತೆರೆ ಮೇಲೆ ಇರುವುದು ಬೂದಿ ಬಳಿದ, ಗಂಟಲಲ್ಲಿ ಮೂಳೆಯ ಪೀಪಿ ಇಟ್ಟುಕೊಂಡು ಕೂಗುವ ಗಂಡಸರು. ಗಂಟಲ ಪೀಪಿಯ ಸದ್ದು ಅದ್ಭುತ, ಮೈ ಜುಂ ಅನ್ನುತ್ತದೆ. ಆದರೆ ನಾಲ್ಕು ಬಿಳಿಯರಿಗೆ ಕೊಟ್ಟ ಪುರುಸೊತ್ತಿನಲ್ಲಿ ನೂರರಲ್ಲೊಂದು ಪಾಲೂ ಇವರಿಗೆ ಇಲ್ಲ. ಬ್ರೂಡರ್ ಹಿಂದೆ ಎಷ್ಟು ಮೂಲನಿವಾಸಿಗಳನ್ನು ಕೊಂದೆ ಅಂತ ಜಂಭ ಕೊಚ್ಚುವಾಗ ಸಿನಿಮಾ ಅವನನ್ನು ಚುಚ್ಚುತ್ತದೆ, ನಿಜ. ಅಷ್ಟು ಸಾಲದು. ಚೆನ್ನಾಗಿ ಬರೆದ ಸಿನಿಮಾ ಅನ್ನುವ ಮಾತು ನಾನು ಹಿಂದೆ ತೆಗೆದುಕೊಳ್ಳಲ್ಲ, ಅದರ ಪಕ್ಕದಲ್ಲಿ ನಿಮ್ಮ ಮಾತನ್ನೂ ಇಡುತ್ತೇನೆ.

ಇಂಥದ್ದು ಕನ್ನಡದಲ್ಲಿ ಆಗುತ್ತಾ?
– ಓದುಗರೊಬ್ಬರು, ರಾಮನಗರ

ನಿಮ್ಮ ಊರಿನ ಬಂಡೆಗಳಲ್ಲೇ ‘ಶೋಲೆ’ ಆಯ್ತು, ಜಾಗಕ್ಕೆ ಬರ ಇಲ್ಲ. 12 ಕೋಟಿಯೂ ನಮ್ಮಲ್ಲಿ ಸಿಗುತ್ತದೆ. ನಾಲ್ಕು ಜನ ಒಂದು ಗಂಟೆ ಫೈಟು ಹಾಡು ಇಲ್ಲದೆ ಮಾತಾಡುತ್ತಾ ನಡೆಯುವ ಚಿತ್ರಕಥೆ ಹಿಡಿದು ನಿರ್ಮಾಪಕರ ಮುಂದೆ ಕೂರುವ ಧೈರ್ಯ ನಿಮಗಿದ್ದರೆ ಹೇಳಿ, ಕಾಫಿ ನನ್ನ ಲೆಕ್ಕ.

ನಿಮಗೆ ಹಿಡಿಸಿದ ಒಂದೇ ಒಂದು ಕ್ಷಣ ಹೇಳಿ ನೋಡೋಣ.
– ಓದುಗರೊಬ್ಬರು, ಶಿವಮೊಗ್ಗ

ನೋಡದವರು ಇಲ್ಲಿಗೇ ನಿಲ್ಲಿಸಿ. ಕೊನೆಗೆ ಷೆರಿಫ್ ಏಳಲಾರದೆ ಗುಹೆಯಲ್ಲೇ ಬಂದೂಕು ಹಿಡಿದು ಉಳಿಯುತ್ತಾನೆ. ಚಿಕರಿ ಹೊರಡಬೇಕು. ನನ್ನ ಹೆಂಡತಿಗೆ ಹೋಗಿಬರ್ತೀನಿ ಅಂತ ಹೇಳು ಅನ್ನುತ್ತಾನೆ ಷೆರಿಫ್, ನಿನ್ನ ಹೆಂಡತಿ ಸಿಕ್ಕರೆ ನಾನು ಮಾತಾಡಿಸ್ತೀನಿ. ಚಿಕರಿಯ ಹೆಂಡತಿ ಸತ್ತು ಎಷ್ಟೋ ಕಾಲ ಆಗಿದೆ. ಜೆಂಕಿನ್ಸ್ ಮುಖ ನೋಡಿ ಆಗ. ಆಮೇಲೆ ಹೊರಗೆ ನಡೆದು ಹೋಗುತ್ತಿರುವವರಿಗೆ ಹಿಂದಿನಿಂದ ಗುಂಡಿನ ಸದ್ದು ಕೇಳುತ್ತದೆ.