ಟ್ರಾಮ್ ಆಮೇಲೆ ನೋಡೋಣ, ಮೊದಲು ಲೇನ್ ಉಳಿಯಲಿ

ಓದುಗರ ಪತ್ರ

ಮಾನ್ಯ ಸಂಪಾದಕರೇ, ಮಗಳ ಮನೆಗೆಂದು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಿದ್ದೆ. ಅಲ್ಲಿ ಜರ್ಮನ್‌ಟೌನ್ ಅವೆನ್ಯೂ ಎಂಬ ರಸ್ತೆಯಲ್ಲಿ ಕಲ್ಲುಹಾಸಿನ ನಡುವೆ ಟ್ರಾಮ್ ಹಳಿ ಹಾಗೇ ಬಿದ್ದಿವೆ. ಟ್ರಾಮ್ ಇಲ್ಲ, ಬಸ್ ಓಡುತ್ತದೆ. ಅದೇ ಊರಿನ ಗಿರಾರ್ಡ್ ಅವೆನ್ಯೂದಲ್ಲಿ ಮಾತ್ರ ನಿಂತುಹೋಗಿದ್ದ ಟ್ರಾಮ್ ಮತ್ತೆ ಶುರುವಾಗಿದೆ. ಜರ್ಮನ್‌ಟೌನ್ ರಸ್ತೆಗೂ ಆ ಯೋಗ ಇದೆಯೇ? ಅವರು ನಿಂತ ದಾರಿಗೆ ಜೀವ ಕೊಡಬಹುದಾದರೆ, ನಮ್ಮ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ದಾರಿಗೆ ಹಳಿ ಹಾಕಿ ಟ್ರಾಮ್ ಓಡಿಸಲು ಏನಡ್ಡಿ? ಬಿಆರ್‌ಟಿಎಸ್ (ಚಿಗರಿಗೆಂದೇ ಬಿಟ್ಟ ಬಸ್ ಲೇನ್) ಕಿತ್ತು ಹಾಕಿ ಅಂತ ಹೇಳುವವರೇ ಜಾಸ್ತಿ. ನಾನು ಹಳಿ ಹಾಕಿ ಅಂತೇನೆ.
– ನಿವೃತ್ತ ರೈಲ್ವೆ ನೌಕರ, ನವಲೂರು

ಸಂಪಾದಕರ ಉತ್ತರ

ಸರ್, ನಮಸ್ಕಾರ. ಮಗಳ ಮನೆಗೆ ಹೋದವರು ಸಾಮಾನ್ಯವಾಗಿ ಮಾಲ್ ನೋಡಿ ಬರುತ್ತಾರೆ. ನೀವು ಹಳಿ ನೋಡಿ ಬಂದಿದ್ದೀರಿ. ರೈಲ್ವೆಯವರು ರೈಲ್ವೆಯವರೇ.

ಮೊದಲ ಪ್ರಶ್ನೆಗೆ ಉತ್ತರ ಬೇಗ ಮುಗಿಯುತ್ತದೆ. ನೀವು ನೋಡಿದ್ದು 23ನೇ ನಂಬರಿನ ದಾರಿ. ಚೆಸ್ಟ್‌ನಟ್ ಹಿಲ್‌ನಿಂದ ಹೊರಟು ಊರ ನಡುವೆ ಹಾದು ದಕ್ಷಿಣದ ತುದಿ ಮುಟ್ಟುತ್ತಿತ್ತು. ಆ ಊರಿನ ಅತಿ ಉದ್ದದ ಟ್ರಾಮ್ ದಾರಿ. 1992ರಲ್ಲಿ 'ತಾತ್ಕಾಲಿಕವಾಗಿ' ಬಸ್ ಬಿಟ್ಟರು. ತಾತ್ಕಾಲಿಕ ಅಂದರೆ ಎಷ್ಟು ದಿನ ಎಂಬುದು ಹುಬ್ಬಳ್ಳಿ-ಧಾರವಾಡದವರಿಗೆ ಹೇಳಿಕೊಡಬೇಕಾಗಿಲ್ಲ. 2015ರಲ್ಲಿ ಆ ಬಸ್ ದಾರಿಯನ್ನೂ ಎರಡು ತುಂಡು ಮಾಡಿ, ದಕ್ಷಿಣದ ಅರ್ಧಕ್ಕೆ 45 ಎಂದು ನಂಬರ್ ಕೊಟ್ಟರು. 2023ರಲ್ಲಿ ಅಲ್ಲಿನ ಸಾರಿಗೆ ಸಂಸ್ಥೆ ಸೆಪ್ಟಾ 130 ಹೊಸ ಟ್ರಾಮ್‌ಗಳಿಗೆ ಅಲ್‌ಸ್ಟಾಮ್ ಕಂಪನಿಗೆ ಆರ್ಡರ್ ಕೊಟ್ಟಿದೆ, ನಿಜ. ಆದರೆ ಅವು ಈಗ ಟ್ರಾಮ್ ಓಡುತ್ತಿರುವ ದಾರಿಗಳಿಗೆ, ಮುಖ್ಯವಾಗಿ 1980ರ ದಶಕದ ಹಳೇ ಗಾಡಿಗಳ ಜಾಗಕ್ಕೆ. 2025ರಲ್ಲಂತೂ ದುಡ್ಡು ಸಾಲದೆ ಇದ್ದ ಬಸ್ ಸೇವೆಯನ್ನೇ ಕಡಿತ ಮಾಡಿ, ಕೋರ್ಟ್ ಹೇಳಿದ ಮೇಲೆ ವಾಪಸ್ ಶುರು ಮಾಡಿದರು. ಇಂಥ ಸಂಸ್ಥೆ 23ಕ್ಕೆ ಮತ್ತೆ ಟ್ರಾಮ್ ತರುತ್ತದೆ ಅಂತ ನನಗಂತೂ ಅನ್ನಿಸುವುದಿಲ್ಲ.

ಹಳಿ ಬಿದ್ದಿದೆಯಲ್ಲ, ಗಾಡಿ ತಂದು ಬಿಟ್ಟರಾಯ್ತು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ನಿಮಗೆ ಗೊತ್ತಿರುವುದೇ, ಉಳಿದ ಓದುಗರಿಗಾಗಿ ಹೇಳುತ್ತೇನೆ. ರೈಲಿನ ಹಳಿ ಜಲ್ಲಿಯ ಮೇಲೆ ಎದ್ದು ಕೂತಿರುತ್ತದೆ. ರಸ್ತೆಯ ಟ್ರಾಮ್ ಹಳಿ ನೆಲದ ಮಟ್ಟಕ್ಕೇ ಹುದುಗಿರುತ್ತದೆ. ಹಳಿಯ ತಲೆಯ ಪಕ್ಕದಲ್ಲಿ ಒಂದು ಸಣ್ಣ ತೋಡು, ಚಕ್ರದ ಅಂಚು ಓಡುವುದು ಅದರೊಳಗೆ. ದಿನಾ ಗಾಡಿ ಓಡುತ್ತಿದ್ದರೆ ಅದು ತಾನಾಗೇ ತೆರವಾಗಿರುತ್ತದೆ. ನಿಂತರೆ ಮಣ್ಣು, ಕಡಿ, ಡಾಂಬರು ತುಂಬಿಕೊಳ್ಳುತ್ತದೆ. ಹಳಿಗೂ ಡಾಂಬರಿಗೂ ನಡುವಿನ ಬಿರುಕಿನಲ್ಲಿ ನೀರು ಇಳಿದು ಬುಡ ಸಡಿಲವಾಗುತ್ತದೆ. ಅಷ್ಟೇ ಅಲ್ಲ, ಮೇಲಿನ ತಂತಿಯಿಂದ ಬರುವ 600 ವೋಲ್ಟ್ ಕರೆಂಟು ಮೋಟರ್ ತಿರುಗಿಸಿ ಹಳಿಯ ಮೂಲಕವೇ ವಾಪಸ್ ಹೋಗಬೇಕು. ಹಳಿಯೇ ಅರ್ಧ ವೈರಿಂಗ್. ಒಂದು ಜೋಡಣೆ ಕೈಕೊಟ್ಟರೂ ತಾಪತ್ರಯ. ಇದರ ಮೇಲೆ ಫಿಲಡೆಲ್ಫಿಯಾದ ಗೇಜ್ (ಎರಡು ಹಳಿಗಳ ನಡುವಿನ ಅಂತರ) ಬೇರೆ ವಿಚಿತ್ರ. ನಮ್ಮ ಬ್ರಾಡ್‌ಗೇಜ್ 1,676 ಮಿಲಿಮೀಟರ್, ಜಗತ್ತಿನ ಬಹಳಷ್ಟು ಕಡೆ 1,435. ಅವರದು 1,581. ಬೇರೆ ಊರಿನ ಹಳೇ ಗಾಡಿ ತಂದು ಇಟ್ಟರೆ ಕೂರುವುದೇ ಇಲ್ಲ. ಮೀಟರ್‌ಗೇಜ್ ಕಿತ್ತು ಬ್ರಾಡ್‌ಗೇಜ್ ಹಾಕಿದ್ದನ್ನು ಕಂಡವರು ನೀವು, ಈ ಕಷ್ಟ ನಿಮಗೆ ಬೇಗ ಅರ್ಥವಾಗುತ್ತದೆ.

ಗಿರಾರ್ಡ್ ಅವೆನ್ಯೂ ಕಥೆ ಸ್ವಲ್ಪ ನಿಧಾನವಾಗಿ ಕೇಳಬೇಕಾದದ್ದು. ಅದು ಆಗ 15ನೇ ನಂಬರು. ಅದೂ ನಿಂತದ್ದು 1992ರಲ್ಲೇ. ಅಲ್ಲಿಗೆ ಹೊಸ ಗಾಡಿ ತರಲಿಲ್ಲ. 1947ರ ಹಳೇ ಗಾಡಿಗಳನ್ನೇ, 18 ಗಾಡಿ, ಬ್ರೂಕ್‌ವಿಲ್ ಎಂಬ ಕಂಪನಿಗೆ ಕೊಟ್ಟು ಒಳಗಿಂದ ಹೊಸದಾಗಿ ಕಟ್ಟಿಸಿ, ಎಸಿ ಕೂರಿಸಿ ತಂದರು. ಚಾವಣಿಯ ಮೇಲೆ ಇವತ್ತಿಗೂ ಒಂದೇ ಉದ್ದನೆಯ ಕೋಲು, ಸ್ಪ್ರಿಂಗ್ ಒತ್ತಡದಲ್ಲಿ ತಂತಿಗೆ ತಾಗಿಕೊಂಡಿರುತ್ತದೆ. ತಿರುವಿನಲ್ಲಿ ಕೆಲವೊಮ್ಮೆ ತಂತಿಯಿಂದ ಜಾರುತ್ತದೆ. ಆಗ ಚಾಲಕ ಇಳಿದು ಹಿಂದೆ ಹೋಗಿ, ಹಗ್ಗ ಎಳೆದು, ಕತ್ತು ಮೇಲೆತ್ತಿ ಅದನ್ನು ಮತ್ತೆ ತಂತಿಗೆ ಹಚ್ಚಬೇಕು. ಹಿಂದಿನ ಕಾರಿನವರು ಅಲ್ಲಿಯವರೆಗೆ ಹಾರ್ನ್ ಹೊಡೆಯುತ್ತಿರಬೇಕು.

2004ರ ಹೊತ್ತಿಗೆ ಶುರುವಾಗಬೇಕಿತ್ತು. ಗಾಡಿ ಬಂದಿತ್ತು, ಹಳಿ ರೆಡಿ, ತಂತಿ ರೆಡಿ. ಆದರೂ 2005ರ ಸೆಪ್ಟೆಂಬರ್‌ವರೆಗೆ ಓಡಲಿಲ್ಲ. ಯಾಕೆ ಗೊತ್ತಾ? ಪಾರ್ಕಿಂಗ್! ಡಿಪೋದಿಂದ ಗಾಡಿ ಹೊರಗೆ ಬರಬೇಕಾದರೆ 59ನೇ ಬೀದಿ ಎಂಬ ಸಣ್ಣ ರಸ್ತೆಯಲ್ಲಿ ಹಾದು ಬರಬೇಕು. ಅಲ್ಲಿಯ ಮನೆಯವರು ಇಷ್ಟು ವರ್ಷ ಕಾರು ನಿಲ್ಲಿಸಿಕೊಂಡು ಬಂದವರು. ನಮ್ಮ ಜಾಗ ಬಿಡುವುದಿಲ್ಲ ಅಂದರು. ಬಸ್ಸಾದರೆ ಸ್ಟೇರಿಂಗ್ ತಿರುಗಿಸಿ ಪಕ್ಕದಿಂದ ಹೋಗುತ್ತದೆ. ಟ್ರಾಮ್ ಮುಂದೆ ಒಂದು ಕಾರಿನ ಮೂತಿ ಅರ್ಧ ಅಡಿ ಚಾಚಿದರೂ ಮುಗಿಯಿತು. ಅಷ್ಟು ಖರ್ಚು ಮಾಡಿ ತಂದ ಗಾಡಿಗಳು ವರ್ಷಕ್ಕಿಂತ ಜಾಸ್ತಿ ಸುಮ್ನೆ ನಿಂತವು. ಮುಂದೆ 2020ರ ಜನವರಿಯಲ್ಲಿ ಗಾಡಿ ರಿಪೇರಿಗೆಂದು ಮತ್ತೆ ನಿಲ್ಲಿಸಿ, ಮತ್ತೆ ಬಿಟ್ಟದ್ದು 2024ರ ಜೂನ್ 16ಕ್ಕೆ.

ನೀವು ನೋಡಿ ಖುಷಿಪಟ್ಟದ್ದು ಆ ಟ್ರಾಮನ್ನೇ. ನನಗೆ ಅದರ ಹಿಂದಿನ 59ನೇ ಬೀದಿ ಜಾಸ್ತಿ ಕಾಣುತ್ತದೆ. ಯಾಕೆಂದರೆ ನಮ್ಮ ಜೆ.ಸಿ. ನಗರದಲ್ಲೂ ಧಾರವಾಡದ ಸುಭಾಸ ರಸ್ತೆಯಲ್ಲೂ ನಾನು ದಿನಾ ನೋಡುವುದು ಅದನ್ನೇ.

ಇನ್ನು ಕೋಲ್ಕತ್ತ. ನಮ್ಮ ದೇಶದಲ್ಲಿ ಟ್ರಾಮ್ ಮಾತು ಬಂದರೆ ಅದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. 1873ರಲ್ಲಿ ಕುದುರೆ ಎಳೆಯುವ ಟ್ರಾಮ್, 1902ರಲ್ಲಿ ಕರೆಂಟಿನದು. ಮದ್ರಾಸಿನದು 1953ಕ್ಕೆ, ಮುಂಬೈಯದು 1964ಕ್ಕೆ ನಿಂತರೂ ಕೋಲ್ಕತ್ತದ್ದು ಉಳಿಯಿತು. ಅಲ್ಲಿ ಎಷ್ಟೋ ರಸ್ತೆಗಳಲ್ಲಿ ಹಳಿ ರಸ್ತೆಯ ನಡುವೆ ತನ್ನದೇ ಬೇರೆ ಪಟ್ಟಿಯಲ್ಲಿತ್ತು. ಕಾರು ಅಲ್ಲಿ ಹತ್ತುವ ಹಾಗಿರಲಿಲ್ಲ. 2000ದ ನಂತರ ರಸ್ತೆ ಅಗಲ ಮಾಡುತ್ತೇವೆ ಅಂತ ಆ ಪಟ್ಟಿಗೆ ಕಾಂಕ್ರೀಟ್ ಹಾಕಿ ಎಲ್ಲ ವಾಹನಕ್ಕೂ ಬಿಟ್ಟರು. ಟ್ರಾಮ್ ಟ್ಯಾಕ್ಸಿಗಳ ನಡುವೆ ಸಿಕ್ಕಿಬಿತ್ತು. ಹತ್ತಲು ಇಳಿಯಲು ಜನ ನಡುರಸ್ತೆಗೆ ಓಡಬೇಕಾಯಿತು. ಆಮೇಲೆ ಟ್ರಾಮ್ ನಿಧಾನ, ಟ್ರಾಫಿಕ್‌ಗೆ ಅಡ್ಡಿ ಎಂದು ಅದರ ಮೇಲೇ ಗೂಬೆ ಕೂರಿಸಿದರು. 150 ವರ್ಷದ ಹಬ್ಬ ಮಾಡಿದ್ದು 2023ರಲ್ಲಿ. ಎಸ್ಪ್ಲನೇಡ್-ಮೈದಾನದ ಒಂದು ತುಣುಕು ಬಿಟ್ಟು ಉಳಿದದ್ದನ್ನು ಮುಚ್ಚುತ್ತೇವೆ ಎಂದು ಅಲ್ಲಿನ ಸರ್ಕಾರ ಹೇಳಿದ್ದು 2024ರ ಸೆಪ್ಟೆಂಬರಿನಲ್ಲಿ.

ಈಗ ನಮ್ಮೂರಿಗೆ ಬರೋಣ. ಹಳಿಯ ಹೆಮ್ಮೆ ನಮಗೆ ಕಮ್ಮಿ ಏನಿಲ್ಲ. 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇಟ್ಟುಕೊಂಡ ಊರು ನಮ್ಮದು. ಆದರೆ ರಸ್ತೆಯ ಮೇಲೆ ಟ್ರಾಮ್ ಇಲ್ಲಿ ಎಂದೂ ಓಡಲಿಲ್ಲ. ಹಾಗಾಗಿ ಮರಳಿ ತರುವ ಮಾತೇ ಇಲ್ಲ, ಹೊಸದಾಗಿ ತರಬೇಕು.

ನಮ್ಮ ಹತ್ತಿರ ಇರುವುದು ಲೇನ್. 22 ಕಿಲೋಮೀಟರ್ ಚಿಲ್ಲರೆ ದಾರಿಯಲ್ಲಿ ಬಹುಭಾಗ ರಸ್ತೆಯ ನಡುವೆ ಬಸ್ಸಿಗಷ್ಟೇ ಬಿಟ್ಟ ಜಾಗ. 2018ರ ಅಕ್ಟೋಬರಿನಲ್ಲಿ ಚಿಗರಿ ಓಡಾಟ ಶುರುವಾಯಿತು, 2020ರ ಫೆಬ್ರುವರಿಯಲ್ಲಿ ಅಧಿಕೃತ ಉದ್ಘಾಟನೆ. ಅದಕ್ಕಾಗಿ ಎಷ್ಟು ಅಂಗಡಿ, ಎಷ್ಟು ಕಂಪೌಂಡು, ಎಷ್ಟು ಮರ ಹೋದವು ಅಂತ ವಿದ್ಯಾನಗರದಿಂದ ವಿದ್ಯಾಗಿರಿವರೆಗಿನ ಜನಕ್ಕೆ ಚೆನ್ನಾಗಿ ನೆನಪಿದೆ. ಬೈಗುಳಕ್ಕೆ ಕಾರಣ ಇಲ್ಲದಿಲ್ಲ. ಮಳೆ ಬಂದರೆ ಟೋಲ್ ನಾಕಾ ಕೆರೆಯಾಗುತ್ತದೆ. ಹಳೇ ಊರೊಳಗೆ ಹೊಕ್ಕ ಕೂಡಲೇ ಚಿಗರಿಯೂ ಉಳಿದ ಬಸ್ಸಿನ ಹಾಗೆ ಆಟೋ ಹಿಂದೆ ತೆವಳುತ್ತದೆ. ರಸ್ತೆ ದಾಟುವ ಮುದುಕರ ಪಾಡು ಕೇಳಬೇಡಿ. ಇದನ್ನೆಲ್ಲ ಒಪ್ಪಿಯೂ ನಾನು ಹೇಳುವುದು ಒಂದೇ: 'ಲೇನ್ ಎಲ್ಲ ವಾಹನಕ್ಕೂ ಬಿಡಿ' ಎಂಬ ಕೂಗಿಗೆ ಮಣಿದರೆ, ಕೋಲ್ಕತ್ತದವರು ಮಾಡಿದ್ದನ್ನೇ ನಾವೂ ಮಾಡಿದ ಹಾಗೆ. ಬಿಟ್ಟ ಜಾಗ ವಾಪಸ್ ಬರುವುದಿಲ್ಲ. ದಿಲ್ಲಿಯವರು 5.8 ಕಿಲೋಮೀಟರಿನ ಬಸ್ ಲೇನನ್ನು 2016ರಲ್ಲಿ ಕಿತ್ತರು. ಅಲ್ಲಿ ಈಗ ಟ್ರಾಮ್ ಹಾಕೋಣ ಅಂದರೆ ಯಾರ ಕಾರನ್ನು ಎಬ್ಬಿಸುತ್ತೀರಿ?

ಹಾಗಾದರೆ ಇರುವ ಲೇನಿಗೆ ಹಳಿ ಹಾಕಲು ಏನಡ್ಡಿ ಎಂದಿರಿ. ಅಡ್ಡಿ ನೆಲದ ಮೇಲೆ ಇಲ್ಲ, ಕೆಳಗಿದೆ. ಸ್ಕಾಟ್ಲೆಂಡಿನ ಎಡಿನ್‌ಬರೋ 1956ರಲ್ಲಿ ಟ್ರಾಮ್ ನಿಲ್ಲಿಸಿ 2014ರಲ್ಲಿ ವಾಪಸ್ ತಂದಿತು. 776 ಮಿಲಿಯನ್ ಪೌಂಡ್ ಖರ್ಚಾಯಿತು. ಅದೂ ಮೊದಲು ಅಂದುಕೊಂಡಷ್ಟು ಉದ್ದದ ದಾರಿಯಲ್ಲ, ಮೊಟಕು ಮಾಡಿದ್ದು. ಸಮಯ ತಿಂದ ದೊಡ್ಡ ಕೆಲಸ ಅಂದರೆ ರಸ್ತೆ ಕೆಳಗಿನ ನೀರಿನ ಪೈಪು, ಗ್ಯಾಸು, ಕೇಬಲ್ಲುಗಳನ್ನು ಪಕ್ಕಕ್ಕೆ ಸರಿಸುವುದು. ಹಳಿಯ ಕೆಳಗೆ ಪೈಪು ಒಡೆದರೆ ಟ್ರಾಮ್ ನಿಲ್ಲಿಸಿಯೇ ಅಗೆಯಬೇಕು, ಹಾಗಾಗಿ ಮೊದಲೇ ಸರಿಸುತ್ತಾರೆ. ನಮ್ಮಲ್ಲಿ ಡಾಂಬರು ಆರುವ ಮೊದಲೇ ಪೈಪಿನವರು ಗುದ್ದಲಿ ಹಿಡಿದು ಬಂದಿರುತ್ತಾರೆ, ಅಲ್ವಾ? ಯಾವ ಪೈಪು ಎಲ್ಲಿದೆ ಎಂದು ಅಗೆದ ಮೇಲೇ ಗೊತ್ತಾಗುವ ಊರಿನಲ್ಲಿ ಹಳಿ ಹಾಕುವ ಟೆಂಡರು ಕರೆಯಲು ನನಗೆ ಧೈರ್ಯ ಸಾಲದು.

ಇತ್ತೀಚೆಗೆ ಸಭೆಗಳಲ್ಲಿ ಇ-ಆರ್‌ಟಿ ಎಂಬ ಮಾತು ಓಡಾಡುತ್ತಿದೆ. ಅದಕ್ಕೆ ಹಳಿ ಬೇಡ. ರಬ್ಬರ್ ಟೈರಿನ ಉದ್ದನೆಯ ವಿದ್ಯುತ್ ಬಸ್ಸು ಅಂದುಕೊಳ್ಳಿ, ನೋಡಲು ಟ್ರಾಮ್ ಥರ. ಒಬ್ಬ ಚಾಲಕ ಒಂದೇ ಸಲಕ್ಕೆ ಜಾಸ್ತಿ ಜನರನ್ನು ಒಯ್ಯಬಹುದು ಎಂಬುದು ಲಾಭ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅದು ಓಡಬೇಕಾದ್ದೂ ಇದೇ ಲೇನಿನಲ್ಲಿ. ಮತ್ತೆ ಖರೀದಿಯ ದಿನ ಹೂವಿನ ಹಾರ ಹಾಕುವವರು ಸಿಗುತ್ತಾರೆ, ಐದನೇ ವರ್ಷ ಬಾಗಿಲ ಮೋಟರಿಗೂ ಎಸಿಗೂ ಬಿಡಿಭಾಗ ತರಿಸಲು ದುಡ್ಡು ಕೊಡುವವರು ಯಾರು ಎಂದು ಆ ಸಭೆಗಳಲ್ಲಿ ಕೇಳಬೇಕು.

ಹಳಿಯೇ ಬೇಕು ಎಂದು ನೀವು ಹಟ ಹಿಡಿದರೆ ನನ್ನ ಹತ್ತಿರ ಇನ್ನೊಂದು ಉತ್ತರ ಇದೆ, ಅದು ನಿಮ್ಮ ಮನೆಯ ಹತ್ತಿರವೇ ಇದೆ. ಹುಬ್ಬಳ್ಳಿ-ಧಾರವಾಡ ನಡುವೆ ಜೋಡಿ ಹಳಿ ಆಗಲೇ ಇದೆ. ಉಣಕಲ್, ಅಮರಗೋಳ, ನವಲೂರು, ಮೂರು ಸಣ್ಣ ಸ್ಟೇಷನ್ನೂ ಇವೆ. ಬೆಳಿಗ್ಗೆ ಸಂಜೆ ಕಾಲೇಜು, ಆಫೀಸಿನ ಹೊತ್ತಿಗೆ ಈ ಸ್ಟೇಷನ್‌ಗಳಲ್ಲಿ ನಿಲ್ಲುವ ನಾಲ್ಕು ಡಬ್ಬಿಯ ಲೋಕಲ್ ಗಾಡಿ ಓಡಾಡಿದರೆ ಎಷ್ಟು ಜನ ಹತ್ತುತ್ತಾರೆ ಎಂದು ನೋಡಲು ಹೊಸ ಹಳಿ ಬೇಕಾಗಿಲ್ಲ. ದೂರದ ರೈಲುಗಳ ನಡುವೆ ಸಮಯ ಹೊಂದಿಸುವುದು ಸುಲಭವಲ್ಲ. ಆ ಲೆಕ್ಕ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಯಾವ ಹೊತ್ತಿಗೆ ಹಳಿ ಖಾಲಿ ಇರುತ್ತದೆ, ನವಲೂರಿನಲ್ಲಿ ಎರಡು ನಿಮಿಷ ನಿಲ್ಲಿಸಿದರೆ ಹಿಂದಿನ ಗಾಡಿಗೆ ಏನಾಗುತ್ತದೆ, ಇದನ್ನು ಎರಡು ಪುಟದಲ್ಲಿ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿದ್ದೇನೆ. ತಿಂಗಳ 20ರೊಳಗೆ ಸಿಕ್ಕರೆ ಒಳ್ಳೆಯದು.