ಮಸುಕಾದ ಕೊಕ್ಕರೆಗೆ 600 ಮಿ.ಮೀ. ಲೆನ್ಸ್ ಮದ್ದಲ್ಲ

ರಂಗನತಿಟ್ಟಿನ ದೋಣಿಯಲ್ಲಿ 200-500 ಮಿ.ಮೀ. ಲೆನ್ಸಿನಿಂದ ತೆಗೆದ ಹಾರುವ ಕೊಕ್ಕರೆಗಳೆಲ್ಲ ಮಸುಕು, ಸಾಲ ಮಾಡಿ 600 ಮಿ.ಮೀ. ಎಫ್/4 ಲೆನ್ಸ್ ಕೊಳ್ಳಲೇ ಅಂತ ಕೇಳಿದ್ದೀರಿ. ಬೇಡ. ಅದೇ ದೋಣಿ, ಅದೇ ಸಂಕಟ ನನ್ನದೂ ಆಗಿತ್ತು. ನನ್ನ ಫೋಟೋ ಹೋದದ್ದು ಲೆನ್ಸಿನಿಂದಲ್ಲ, ಡಿಲೀಟ್ ಗುಂಡಿಯಿಂದ.

ದೋಣಿ ದಡ ಸೇರುವ ಮೊದಲೇ ಕ್ಯಾಮೆರಾ ಪರದೆಯಲ್ಲಿ ಪೂರ್ತಿ ಝೂಮ್ ಮಾಡಿ, ರೆಕ್ಕೆ ಕದಡಿದ್ದನ್ನೆಲ್ಲ ಅಳಿಸಿದೆ. ಅಷ್ಟು ಹಿಗ್ಗಿಸಿದರೆ ಕಾಣುವುದು ರೆಕ್ಕೆಯ ಒಂದು ಚೂರು. ಚಾಚಿದ ಕತ್ತಿನ ಗೆರೆ, ಹಿಂದೆ ಬಳಿದಂತೆ ಹರಿದ ಬಿದಿರಿನ ಹಸಿರು ಕಣ್ಣಿಗೇ ಬೀಳುವುದಿಲ್ಲ. ಇನ್ನು ಮೆಮೊರಿ ಕಾರ್ಡಿನ ವಿಷಯ. ಅಳಿಸಿದ ಫೈಲ್ ಕೂಡಲೇ ಮಾಯವಾಗುವುದಿಲ್ಲ, ಆ ಜಾಗ ಖಾಲಿ ಎಂದು ಗುರುತಾಗುತ್ತದೆ ಅಷ್ಟೆ. ಅಲ್ಲಿಗೇ ನಿಲ್ಲಿಸಿದ್ದರೆ ರಿಕವರಿ ಸಾಫ್ಟ್‌ವೇರ್‌ಗೆ ಸಿಗುತ್ತಿತ್ತೇನೋ. ಅದೇ ಕಾರ್ಡಿನಲ್ಲಿ ಸಂಜೆವರೆಗೂ ತೆಗೆದೆ, ಹೊಸವು ಹಳೆಯವುಗಳ ಜಾಗದಲ್ಲೇ ಕೂತವು. ಮನೆಯಲ್ಲಿ ಸಿಕ್ಕಿದ್ದು ಅರ್ಧ ಕೊಕ್ಕರೆ, ಅರ್ಧ ಬೂದು ಪಟ್ಟಿ. ಕಾರ್ಡ್ ತುಂಬಿದರೆ ಇನ್ನೊಂದು ಹಾಕಿ. ಅಳಿಸುವ ಕೆಲಸ ಕಂಪ್ಯೂಟರಿನಲ್ಲಿ, ಅದೂ ವಾರ ಬಿಟ್ಟು.

ನಿಮ್ಮ ಮಸುಕಿಗೆ ಕಾರಣ 1/250 ಸೆಕೆಂಡಿನ ಶಟರ್ ವೇಗ. ಅದರಲ್ಲಿ ರೆಕ್ಕೆ ನಿಲ್ಲುವುದೂ ಇಲ್ಲ, ಹರಿಯುವುದೂ ಇಲ್ಲ. ನಿಲ್ಲಿಸಬೇಕಾದರೆ 1/2000ಕ್ಕೆ ಹೋಗಿ, ಇಲ್ಲವಾದರೆ ಧೈರ್ಯವಾಗಿ 1/30ಕ್ಕೆ ಇಳಿದು ಹಕ್ಕಿಯ ಜೊತೆಗೇ ಕ್ಯಾಮೆರಾ ತಿರುಗಿಸಿ, ರೆಕ್ಕೆಯೂ ಹಿನ್ನೆಲೆಯೂ ಬಳಿದಂತೆ ಹರಿಯಲಿ. 1/30ಕ್ಕೆ ಬೇಕಾದದ್ದು ಶಟರ್ ಪ್ರಯಾರಿಟಿ (ವೇಗ ನೀವು, ಲೆನ್ಸಿನ ಕಂಡಿಯ ಅಳತೆ ಕ್ಯಾಮೆರಾ ಆರಿಸುವ ಮೋಡ್), ಐಎಸ್‌ಒ ಅಂದರೆ ಬೆಳಕಿನ ಸಂವೇದನೆ 100, ನಿರಂತರ ಫೋಕಸ್. ಮೋಡದ ದಿನ ಅಥವಾ ಇಳಿಹೊತ್ತೇ ಆಗಬೇಕು. ಸುಡುಬಿಸಿಲಲ್ಲಿ ಕಂಡಿಯನ್ನು ಎಫ್/22ರಷ್ಟು ಕಿರಿದು ಮಾಡಿದರೂ ಸಾಲದೆ ಬಿಳಿ ಗರಿ ಸುಟ್ಟುಹೋಗುತ್ತದೆ. ಲೆನ್ಸನ್ನು 300ರ ಆಚೆ ಎಳೆಯಬೇಡಿ. ಕೂತು, ಮೊಣಕೈ ಪಕ್ಕೆಗೆ ಒತ್ತಿಕೊಂಡು ಸೊಂಟದಿಂದ ತಿರುಗಿ. ಹಕ್ಕಿ ಎದುರಿಗೆ ಬರುವ ಮೊದಲೇ ಹಿಂಬಾಲಿಸಲು ಶುರುಮಾಡಿ, ಕ್ಲಿಕ್ಕಿಸಿದ ಮೇಲೂ ತಿರುಗುತ್ತಲೇ ಇರಿ. ಬಟನ್ ಒತ್ತುವಾಗ ಕೈ ನಿಂತರೆ ತಲೆಯೂ ಕದಡುತ್ತದೆ. ಓರೆಯಾಗಿ ನಿಮ್ಮ ಕಡೆಗೇ ಬರುವ ಹಕ್ಕಿಯನ್ನು ಬಿಟ್ಟುಬಿಡಿ, ಅಡ್ಡ ಹಾರುವುದಷ್ಟೇ ನಿಮ್ಮದು. ಹಿಂದೆ ಬರೀ ಆಕಾಶವಿದ್ದರೂ ಪ್ರಯೋಜನವಿಲ್ಲ, ಹರಿಯಲು ಅಲ್ಲಿ ಏನೂ ಇರುವುದಿಲ್ಲ.

ಕಣ್ಣು ಸ್ವಲ್ಪ ಸ್ಪಷ್ಟ, ರೆಕ್ಕೆ ಪೂರ್ತಿ ಕದಡಿದ್ದು ಬಂದರೆ ಇಟ್ಟುಕೊಳ್ಳಿ. ಮೂವತ್ತು ಫ್ರೇಮಿಗೆ ಅಂಥದ್ದು ಒಂದು ಬಂದರೂ ದೊಡ್ಡದು.

ಕೈ ಪಳಗಿಸಲು ದೋಣಿ ಸರಿಯಾದ ಜಾಗವಲ್ಲ. ಮೊದಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ಗೂಡಿನ ಕಾಲದಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಿಗೇ ಬಂದಿಳಿಯುತ್ತವೆ, ನಿಂತ ನೆಲವೂ ಅಲುಗಾಡುವುದಿಲ್ಲ.